ಹಳೇ ಹಾಟ್ ರಾಡ್ ತಗೊಳ್ಳೋ ಮುಂಚೆ ಅದರ ನಿಜವಾದ ಬೆಲೆ ಅಂದಾಜು ಮಾಡೋದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರೋ ನಮ್ಮ ಕನ್ನಡದವರಲ್ಲಿ ಹಳೇ ಕಾರಿನ ಹುಚ್ಚು ಇರೋರು ಸುಮಾರು ಜನ ಇದ್ದಾರೆ. ಪ್ಲೆಸೆಂಟನ್‌ನಲ್ಲಿ ಆಗಸ್ಟ್ ತಿಂಗಳು ನಡೆಯೋ ಗುಡ್‌ಗೈಸ್ ಕಾರ್ ಶೋಗೋ ಪೊಮೋನಾ ಸ್ವಾಪ್ ಮೀಟ್‌ಗೋ (ಹಳೇ ಕಾರು, ಪಾರ್ಟ್ಸ್ ಸಂತೆ) ಒಂದ್ಸಲ ಹೋಗಿ ಬಂದ್ರೆ ಸಾಕು, ಆ ಬಣ್ಣ ಆ ಸೌಂಡ್ ನೋಡಿ ಕೇಳಿ ಮನೆಗೆ ಬಂದ್ಮೇಲೂ ನಿದ್ದೆ ಬರಲ್ಲ. ಆಮೇಲೆ ಮೆಸೇಜ್ ಬರುತ್ತೆ, "ಸಾರ್ ಈ ಗಾಡಿಗೆ 48 ಸಾವಿರ ಕೇಳ್ತಿದಾನೆ, ವರ್ಥಾ?" ಅಂತ. ನಾನು ಡೀಲರ್ ಅಲ್ಲ ಮೆಕ್ಯಾನಿಕ್ಕೂ ಅಲ್ಲ, ವರ್ಷಗಟ್ಟಲೆ ಇದನ್ನೇ ನೋಡ್ಕೊಂಡು ಓದ್ಕೊಂಡು ಬಂದಿರೋನು ಅಷ್ಟೆ. ಎಲ್ರಿಗೂ ಬೇರೆ ಬೇರೆ ಟೈಪ್ ಮಾಡೋ ಬದ್ಲು ಒಂದೇ ಕಡೆ ಬರೆದು ಹಾಕ್ತಿದೀನಿ.

ಹಾಟ್ ರಾಡ್ ಅಂದ್ರೆ ಯಾವ ಗಾಡಿ? ಮಾಡಿಫೈ ಮಾಡಿದ್ದೆಲ್ಲಾ ಹಾಟ್ ರಾಡಾ?

ಹಂಗೇನಿಲ್ಲ. ಸಾಮಾನ್ಯವಾಗಿ 1948 ಅಥವಾ ಅದಕ್ಕಿಂತ ಹಿಂದಿನ ಅಮೆರಿಕನ್ ಕಾರು, ಅದರಲ್ಲೂ ಫೋರ್ಡು, ತೂಕ ಇಳಿಸಿ ಎಂಜಿನ್ ಬಲ ಜಾಸ್ತಿ ಮಾಡಿ ಕಟ್ಟಿರೋದನ್ನ ಹಾಟ್ ರಾಡ್ ಅಂತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು 1930ರ ದಶಕದಲ್ಲಿ ಮ್ಯುರಾಕ್, ಎಲ್ ಮಿರಾಜ್ ತರದ ಒಣಗಿದ ಕೆರೆ ಅಂಗಳಗಳಲ್ಲಿ ಗಾಡಿ ಓಡಿಸ್ತಿದ್ರು, ಅದನ್ನ ಒಂದು ಶಿಸ್ತಿಗೆ ತರೋಕೆ 1937ರಲ್ಲಿ ಎಸ್‌ಸಿಟಿಎ (ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್) ಶುರುವಾಯ್ತು, ಯುದ್ಧ ಮುಗಿದ್ಮೇಲೆ ಕ್ರೇಜ್ ಇನ್ನೂ ಏರಿ 1949ರ ಹೊತ್ತಿಗೆ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲು ತನಕ ಹೋಯ್ತು. ಈ ಇತಿಹಾಸ ಬೆಲೆಗೆ ಯಾಕೆ ಮುಖ್ಯ ಅಂದ್ರೆ, ಆ ಕಾಲದಲ್ಲಿ ನಿಜವಾಗ್ಲೂ ಓಡಿದ ಗಾಡಿಗೂ ಅದೇ ತರ ಕಾಣೋ ಹಂಗೆ ಮೊನ್ನೆ ಕಟ್ಟಿದ ಗಾಡಿಗೂ ಬೆಲೆಯಲ್ಲಿ ಆಕಾಶ ಭೂಮಿ ವ್ಯತ್ಯಾಸ ಇದೆ. ಹತ್ತಡಿ ದೂರದಿಂದ ನೋಡಿದ್ರೆ ಎರಡೂ ಒಂದೇ.

ಮಾಲೀಕ ರಸೀದಿ ಫೈಲ್ ತೋರಿಸ್ತಾನೆ, 90 ಸಾವಿರ ಖರ್ಚಾಗಿದೆ, 60ಕ್ಕೆ ಕೊಡ್ತೀನಿ ಅಂತಾನೆ. ಲಾಭ ಅಲ್ವಾ?

ಎಲ್ರೂ ಮೊದಲು ಕೇಳೋ ಪ್ರಶ್ನೆ ಇದೇ, ಎಲ್ರೂ ಬೀಳೋದೂ ಇಲ್ಲೇ. ಖರ್ಚಾದ ದುಡ್ಡು ಗಾಡಿಯ ಬೆಲೆ ಅಲ್ಲ ಸ್ವಾಮಿ. ಲೆಕ್ಕ ಹಾಕಿ ನೋಡಿ, ಒಂದು ಒಳ್ಳೆ ಶಾಪ್‌ನಲ್ಲಿ ಪೂರ್ತಿ ಗಾಡಿ ಕಟ್ಟೋಕೆ 1500 ಗಂಟೆ ಕೆಲಸ ಅಂತಿಟ್ಕೊಳ್ಳಿ, ಗಂಟೆಗೆ 100 ಡಾಲರ್ ಅಂದ್ರೆ ಲೇಬರ್ ಒಂದಕ್ಕೇ ಒಂದೂವರೆ ಲಕ್ಷ ಡಾಲರ್ ಆಯ್ತು, ಇನ್ನೂ ಬಾಡಿ, ಎಂಜಿನ್, ಪೇಂಟ್, ಸೀಟು ಯಾವುದೂ ಬಂದಿಲ್ಲ. ಅಷ್ಟು ಸುರಿದವನು ತನ್ನ ಟೇಸ್ಟಿಗೆ ಸುರಿದಿರ್ತಾನೆ, ಮುಂದಿನವನು ಆ ಟೇಸ್ಟಿಗೆ ಯಾಕೆ ದುಡ್ಡು ಕೊಡ್ತಾನೆ? ಡೆಟ್ರಾಯ್ಟ್ ಆಟೋರಾಮಾ ಕಾರ್ ಶೋದ ದೊಡ್ಡ ಬಹುಮಾನ ರಿಡ್ಲರ್ ಪ್ರಶಸ್ತಿ ಗೆದ್ದಿರೋ ಗಾಡಿಗಳೂ ಆಮೇಲೆ ಕಟ್ಟಿದ ಖರ್ಚಿಗಿಂತ ಬಹಳ ಕಮ್ಮಿಗೆ ಕೈ ಬದಲಾಗೋದು ಈ ಲೋಕದಲ್ಲಿ ಮಾಮೂಲಿ.

ಹಂಗಂತ ರಸೀದಿ ಫೈಲ್ ಬೇಡ ಅಂತಲ್ಲ. ಬೇಕೇ ಬೇಕು, ಆದ್ರೆ ಟೋಟಲ್ ನೋಡೋಕಲ್ಲ. ಏನೇನು ಹಾಕಿದಾರೆ, ಯಾರು ಹಾಕಿದಾರೆ, ಯಾವ ವರ್ಷ ಅಂತ ನೋಡೋಕೆ. ಎಂಜಿನ್ ಬಿಲ್ಡ್ ಮಾಡಿದ ಮೆಷಿನ್ ಶಾಪ್ ಬಿಲ್ಲು, ಪೇಂಟ್ ಹೊಡೆಯೋ ಮುಂಚೆ ಬರೀ ಮೆಟಲ್ ಇದ್ದಾಗ ತೆಗೆದ ಫೋಟೋಗಳು, ಇವೆರಡು ಸಿಕ್ಕಿದ್ರೆ ಉಳಿದ ರಸೀದಿ ಸಿಗದೇ ಇದ್ರೂ ನಡೆಯುತ್ತೆ.

ಹಂಗಾದ್ರೆ ಬೆಲೆ ಯಾವುದರ ಮೇಲೆ ನಿಂತಿದೆ?

ನನ್ನ ಪ್ರಕಾರ ಪ್ರೂಫ್ ಮಾಡೋಕೆ ಆಗೋದರ ಮೇಲೆ. ಮೊದಲು ಕಾಗದ, ಆಮೇಲೆ ತಗಡು, ಆಮೇಲೆ ಕಟ್ಟಿದವನ ಕೈ, ಎಲ್ಲಕ್ಕಿಂತ ಕೊನೆಗೆ ಎಂಜಿನ್ನು ಪೇಂಟು. ಜನ ಉಲ್ಟಾ ನೋಡ್ತಾರೆ, ಬಾನೆಟ್ ಎತ್ತಿ ಕ್ರೋಮ್ ನೋಡಿ ಖುಷಿ ಆಗಿ ಕೊನೆಗೆ ಟೈಟಲ್ (ಗಾಡಿಯ ಮಾಲೀಕತ್ವದ ಕಾಗದ) ಕೇಳ್ತಾರೆ.

ಟೈಟಲ್ ಇದೆ ಅಂದ್ನಲ್ಲ, ಇನ್ನೇನು ನೋಡ್ಬೇಕು?

ಬಹಳ ನೋಡ್ಬೇಕು. ಇದನ್ನ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಪೇಂಟ್ ಹಾಳಾಗಿದ್ರೆ ಮತ್ತೆ ಹೊಡೆಸ್ಬೋದು, ಟೈಟಲ್ ಹಾಳಾಗಿದ್ರೆ ಗಾಡಿ ಗ್ಯಾರೇಜಲ್ಲಿ ಶೋಪೀಸ್.

ಮೊದಲ್ನೇದು, 17 ಅಕ್ಷರ-ಅಂಕಿಯ ವಿನ್ ನಂಬರ್ (ಗಾಡಿಯ ಗುರುತಿನ ನಂಬರ್) ಬಂದಿದ್ದು 1981ರ ಮಾಡೆಲ್‌ನಿಂದ. ಅದಕ್ಕಿಂತ ಹಿಂದಿನ ಗಾಡಿಗೆ ಗಾಡಿಯ ಹಿಂದಿನ ಕತೆ ತೋರಿಸೋ ಕಾರ್‌ಫ್ಯಾಕ್ಸ್ ಪಾರ್‌ಫ್ಯಾಕ್ಸ್ ರಿಪೋರ್ಟ್ ಏನೂ ಕೆಲಸಕ್ಕೆ ಬರಲ್ಲ. ಆ ಕಾಲದಲ್ಲಿ ಎಷ್ಟೋ ರಾಜ್ಯಗಳಲ್ಲಿ ಎಂಜಿನ್ ನಂಬರನ್ನೇ ಟೈಟಲ್ ಮೇಲೆ ಬರೀತಿದ್ರು. ಹಾಟ್ ರಾಡಲ್ಲಿ ಮೊದಲು ಕಿತ್ತು ಬಿಸಾಕೋದೇ ಹಳೇ ಎಂಜಿನ್ನು! ಆವಾಗ ಟೈಟಲ್ ಮೇಲಿರೋ ನಂಬರ್ ಗಾಡಿಯಲ್ಲಿ ಎಲ್ಲೂ ಇಲ್ಲ. ಒಳ್ಳೇದು ಏನಂದ್ರೆ ಫೋರ್ಡ್‌ನೋರು ಅದೇ ನಂಬರನ್ನ ಫ್ರೇಮ್ ಮೇಲೂ ಪಂಚ್ ಮಾಡ್ತಿದ್ರು. ಮಾಡೆಲ್ ಎ ಆದ್ರೆ, ಅಂದ್ರೆ 1928ರಿಂದ 1931ರದ್ದು, ನಂಬರ್ ಎ ಅಕ್ಷರದಿಂದ ಶುರುವಾಗುತ್ತೆ. 1932ರ ವಿ8 ಆದ್ರೆ 18 ಅಂತ ಶುರು, ಹಿಂದೆ ಮುಂದೆ ಒಂದೊಂದು ನಕ್ಷತ್ರದ ಗುರುತು ಇರುತ್ತೆ. ಇರೋ ಜಾಗ ಎಡಗಡೆ ಫ್ರೇಮ್ ರೈಲಿನ ಮೇಲ್ಮುಖ, ಒಂದಕ್ಕಿಂತ ಹೆಚ್ಚು ಕಡೆ ಪಂಚ್ ಮಾಡಿರ್ತಾರೆ, ಕೆಲವು ಬಾಡಿ ಕೆಳಗೆ ಮುಚ್ಚಿಹೋಗಿರುತ್ತೆ. ಟಾರ್ಚ್ ತಗೊಂಡು ಸ್ಟೀರಿಂಗ್ ಬಾಕ್ಸ್ ಆಸುಪಾಸು ನೋಡಿ. ಬಾಗಿಲ ಕಂಬಕ್ಕೆ ಪುಟ್ಟ ತಗಡಿನ ಪ್ಲೇಟ್ ರಿವಿಟ್ ಹೊಡೆದು ಅದರ ಮೇಲೆ ನಂಬರ್ ಇದ್ರೆ, ಅದು ಹೇಗೆ ಬಂತು ಯಾರು ಕೊಟ್ರು ಅಂತ ಕೇಳಿ. ರಾಜ್ಯ ಸರ್ಕಾರವೇ ಕೊಟ್ಟಿರೋ ಪ್ಲೇಟ್ ಆದ್ರೆ ತೊಂದ್ರೆ ಇಲ್ಲ, ಮನೆಯಲ್ಲೇ ಮಾಡಿ ಹೊಡೆದಿದ್ರೆ ಅಲ್ಲಿಂದ ವಾಪಸ್ ಬನ್ನಿ.

ಎರಡ್ನೇದು ಇನ್ನೂ ದೊಡ್ಡದು. ಪೂರ್ತಿ ಹೊಸ ಫೈಬರ್‌ಗ್ಲಾಸ್ ಬಾಡಿ, ಹೊಸ ಫ್ರೇಮ್, ಎಲ್ಲಾ ಹೊಸದೇ ಹಾಕಿ ಕಟ್ಟಿದ ಗಾಡಿಗೆ ಎಲ್ಲಿಂದಲೋ ಹಳೇ ಟೈಟಲ್ ತಂದು 1932 ಫೋರ್ಡ್ ಅಂತ ರಿಜಿಸ್ಟರ್ ಮಾಡಿಸಿರ್ತಾರೆ. ಕಾನೂನು ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ಅದು ಸ್ಪೆಷಲಿ ಕನ್‌ಸ್ಟ್ರಕ್ಟೆಡ್ ವೆಹಿಕಲ್ (ಬಿಡಿಭಾಗ ಸೇರಿಸಿ ಹೊಸದಾಗಿ ಕಟ್ಟಿದ ಗಾಡಿ), ನಿಜವಾದ 32 ಅಲ್ಲ. ಹಿಂದಿನ ಮಾಲೀಕ ಇಪ್ಪತ್ತು ವರ್ಷ ಓಡಿಸಿದಾನೆ ಏನೂ ಆಗಿಲ್ಲ ಅಂತ ಹೇಳ್ತಾನೆ, ಸರಿ, ಆದ್ರೆ ಬೇರೆ ರಾಜ್ಯದಿಂದ ತಂದು ಹೆಸರು ಬದಲಾಯಿಸೋವಾಗ ಹೈವೇ ಪ್ಯಾಟ್ರೋಲ್ ಪೊಲೀಸರು ವಿನ್ ಚೆಕ್ ಮಾಡ್ಬೋದು, ಸಿಕ್ಕಿ ಬೀಳೋದು ನೀವು. ಇಲ್ಲಿ ಎಸ್‌ಬಿ 100 ಅಂತ ಒಂದು ದಾರಿ ಇದೆ, ಪ್ರತಿ ವರ್ಷ 500 ಗಾಡಿಗೆ ಮಾತ್ರ, ಅದರಲ್ಲಿ ರಿಜಿಸ್ಟರ್ ಆದ್ರೆ ಗಾಡಿ ನೋಡೋಕೆ ಯಾವ ವರ್ಷದ್ದು ತರ ಇದೆಯೋ ಆ ವರ್ಷದ ಲೆಕ್ಕದಲ್ಲಿ ಸ್ಮಾಗ್ ರೂಲ್ (ಹೊಗೆ ಪರೀಕ್ಷೆ ನಿಯಮ) ಹಾಕಿಸ್ಕೋಬೋದು. ಹೊಸ ವರ್ಷ ಶುರುವಾದ ತಕ್ಷಣ ಜನ ಅದಕ್ಕೆ ಮುಗಿಬೀಳ್ತಾರೆ. ಅಂಥ ಫೈಬರ್ ಗಾಡಿಯಲ್ಲಿ ಎಸ್‌ಬಿ 100 ಆಗಲೇ ಆಗಿದ್ರೆ ಅದಕ್ಕೆ ನಾಲ್ಕು ಕಾಸು ಜಾಸ್ತಿ ಕೊಡಿ ಅಂತ ನಾನೇ ಹೇಳ್ತೀನಿ.

ಕೆಲವರು ವರ್ಮಾಂಟ್ ರಿಜಿಸ್ಟ್ರೇಷನ್ ತೋರಿಸ್ತಾರೆ. ಹಿಂದೆ ವರ್ಮಾಂಟ್‌ನಲ್ಲಿ ಹಳೇ ಗಾಡಿಗೆ ಟೈಟಲ್ ಇಲ್ದೇನೇ ಪೋಸ್ಟಲ್ಲೇ ರಿಜಿಸ್ಟ್ರೇಷನ್ ಸಿಗ್ತಿತ್ತು, ಹೊರರಾಜ್ಯದವರಿಗೂ. 2023ರಲ್ಲಿ ಅದನ್ನ ಬಿಗಿ ಮಾಡಿದ್ರು. ಹಂಗಾಗಿ ಆ ಕಾಗದ ಇಟ್ಕೊಂಡು ನಿಮ್ಮ ರಾಜ್ಯದ ಡಿಎಂವಿಯಲ್ಲಿ (ನಮ್ಮ ಆರ್‌ಟಿಒ ತರದ ಆಫೀಸು) ನಡೆಯುತ್ತಾ ಅಂತ ದುಡ್ಡು ಕೊಡೋ ಮುಂಚೆ ಕೇಳ್ಕೊಳ್ಳಿ, ಕೊಟ್ಮೇಲೆ ಅಲ್ಲ.

ಸ್ಟೀಲ್ ಬಾಡಿಗೂ ಫೈಬರ್‌ಗ್ಲಾಸ್‌ಗೂ ಬೆಲೆ ಎಷ್ಟು ವ್ಯತ್ಯಾಸ?

ನಾನು ನೋಡ್ತಾ ಬಂದಿರೋ ಪ್ರಕಾರ ನೀಟಾಗಿ ಕಟ್ಟಿದ ಫೈಬರ್ 32 ರೋಡ್‌ಸ್ಟರ್ (ಗಟ್ಟಿ ಛಾವಣಿ ಇಲ್ಲದ ಎರಡು ಬಾಗಿಲಿನ ಕಾರು), ಷೆವಿ (ಷೆವರ್ಲೆ) 350 ಎಂಜಿನ್ನು ಆಟೋಮ್ಯಾಟಿಕ್ ಗೇರು ಇರೋದು, ಮೂವತ್ತು ನಲವತ್ತು ಸಾವಿರ ಡಾಲರ್ ಆಸುಪಾಸಲ್ಲಿ ಓಡಾಡುತ್ತೆ. ಅದೇ ಗಾಡಿ ಹೊಸದಾಗಿ ಒತ್ತಿದ ಸ್ಟೀಲ್ ಬಾಡಿ ಆದ್ರೆ ಬೆಲೆ ಮೇಲೆ ಹೋಗುತ್ತೆ. ಅದೇ ಹೆನ್ರಿ ಸ್ಟೀಲ್ ಆಗಿದ್ದು, ಅಂದ್ರೆ 1932ರಲ್ಲಿ ಫೋರ್ಡ್ ಫ್ಯಾಕ್ಟರಿಯಲ್ಲೇ ಒತ್ತಿದ ತಗಡಾಗಿದ್ದು ಕಾಗದನೂ ಸರಿ ಇದ್ರೆ ಅದು ಬೇರೆ ಲೆವೆಲ್ಲು, ಇತಿಹಾಸ ಇರೋ ಗಾಡಿ ಆದ್ರೆ ಲಕ್ಷ ಡಾಲರ್ ದಾಟುತ್ತೆ.

ಫೈಬರ್ ಅಂದ್ರೆ ಕೆಟ್ಟದು ಅಂತ ತಿಳ್ಕೋಬೇಡಿ. ತುಕ್ಕು ಹಿಡಿಯಲ್ಲ, ಓಡಿಸೋಕೆ ಮಜಾ ಇರುತ್ತೆ. ವೆಸ್ಕಾಟ್ಸ್, ಗಿಬ್ಬನ್ ತರದ ಹೆಸರಿರೋ ಬಾಡಿಗೆ ಮರ್ಯಾದೆ ಇದೆ. ಅಗ್ಗದ ಬಾಡಿಯಲ್ಲಿ ಬಾಗಿಲ ಹತ್ರ ಬಿರುಕು ಬಿಡುತ್ತೆ, ಬಾಗಿಲು ಜೋತು ಬೀಳುತ್ತೆ. ಫೈಬರ್ ಬೆಲೆಗೆ ಫೈಬರ್ ತಗೊಂಡ್ರೆ ಏನೂ ತೊಂದ್ರೆ ಇಲ್ಲ. ಸ್ಟೀಲ್ ಬೆಲೆಗೆ ಫೈಬರ್ ತಗೊಳ್ಳೋದು ಬೇಡ ಅಂತ ಅಷ್ಟೆ.

ನೋಡಿದ್ರೆ ಗೊತ್ತಾಗಲ್ವಲ್ಲ, ಹೆಂಗೆ ಕಂಡ್ಹಿಡಿಯೋದು?

ಚಿಕ್ಕ ಮ್ಯಾಗ್ನೆಟ್ಟು, ಅದಕ್ಕೊಂದು ತೆಳು ಬಟ್ಟೆ ಸುತ್ತಿ, ಮಾಲೀಕನ್ನ ಕೇಳಿ ಆಮೇಲೆ ಇಡಿ (ಕೇಳ್ದೇ ಇಟ್ರೆ ಅಲ್ಲೇ ಜಗಳ). ಹಿಡಿದ್ರೆ ಸ್ಟೀಲು. ಬಾಗಿಲ ಕೆಳಭಾಗ, ಕೌಲ್ (ಬಾನೆಟ್‌ಗೂ ಬಾಗಿಲಿಗೂ ನಡುವಿನ ಭಾಗ) ಕೆಳಗೆ, ಹಿಂದಿನ ಚಕ್ರದ ಸುತ್ತ ಇಡ್ತಾ ಹೋಗಿ, ಎಲ್ಲಿ ಹಿಡಿತ ಸಡಿಲ ಆಗುತ್ತೋ ಅಲ್ಲಿ ಪೇಂಟ್ ಕೆಳಗೆ ಬಾಂಡೋ (ತಗ್ಗು ತುಂಬೋ ಫಿಲ್ಲರ್) ದಪ್ಪಗಿದೆ ಅಂತ ಅರ್ಥ.

ಈಗ ಕಷ್ಟ ಇರೋದು ಹಳೇ ಸ್ಟೀಲಾ ಹೊಸ ಸ್ಟೀಲಾ ಅನ್ನೋದು. ಒಹಾಯೋದ ಬ್ರೂಕ್‌ವಿಲ್‌ನೋರು ಮಾಡೆಲ್ ಎ ಮತ್ತೆ 32 ರೋಡ್‌ಸ್ಟರ್ ಬಾಡಿ ಹೊಸ ತಗಡಲ್ಲೇ ಒತ್ತಿ ಮಾರ್ತಾರೆ, ಯುನೈಟೆಡ್ ಪೆಸಿಫಿಕ್‌ನೋರು 32 ಫೈವ್ ವಿಂಡೋ ಕೂಪೆ (ಮುಂದಿನ ಗ್ಲಾಸ್ ಬಿಟ್ಟು ಐದು ಕಿಟಕಿ ಇರೋ, ಗಟ್ಟಿ ಛಾವಣಿಯ ಎರಡು ಬಾಗಿಲಿನ ಕಾರು) ಬಾಡಿ ತಂದಿದಾರೆ. ಇವು ಒಳ್ಳೆ ಕ್ವಾಲಿಟಿ, ಮ್ಯಾಗ್ನೆಟ್ಟೂ ಹಿಡಿಯುತ್ತೆ. ಹಂಗಾಗಿ ಒಳಗಡೆ ನೋಡ್ಬೇಕು, ಡಿಕ್ಕಿ ಮ್ಯಾಟ್ ಎತ್ತಿ, ಡ್ಯಾಶ್ ಕೆಳಗೆ ಮಲಗಿ, ಫೆಂಡರ್ ಹಿಂದೆ ಕೈ ಹಾಕಿ. ತೊಂಬತ್ತು ವರ್ಷದ ತಗಡಲ್ಲಿ ಹಳೇ ತುಕ್ಕಿನ ಚಿಕ್ಕ ಗುಂಡಿಗಳು, ಯಾರೋ ಯಾವಾಗ್ಲೋ ಕೊರೆದು ಮುಚ್ಚಿದ ತೂತು, ಪ್ಯಾಚ್ ಹಾಕಿ ವೆಲ್ಡ್ ಮಾಡಿದ ಗುರುತು ಏನಾದ್ರೂ ಇದ್ದೇ ಇರುತ್ತೆ. ಒಳಗೆಲ್ಲಾ ಕನ್ನಡಿ ತರ ಇದ್ರೆ ನಾನಂತೂ ಹಳೇದು ಅಂತ ನಂಬಲ್ಲ, ಫೋಟೋ ತೋರ್ಸಪ್ಪಾ ಅಂತೀನಿ.

ಕೂಪೆ ಅಥವಾ ಸೆಡಾನ್ ಆದ್ರೆ ಇನ್ನೊಂದು ಸುಳಿವಿದೆ. ಫೋರ್ಡ್ ಕಾರುಗಳಿಗೆ ಪೂರ್ತಿ ಸ್ಟೀಲ್ ರೂಫ್ ಬಂದಿದ್ದೇ 1937ರಲ್ಲಿ, ಅದಕ್ಕಿಂತ ಹಿಂದೆ ಮೇಲ್ಛಾವಣಿ ನಡುವೆ ಬಟ್ಟೆಯ ಹೊದಿಕೆ ಇರ್ತಿತ್ತು. ಹಾಟ್ ರಾಡ್ ಕಟ್ಟೋರು ಆ ಜಾಗಕ್ಕೆ ತಗಡು ಕೂರಿಸಿ ವೆಲ್ಡ್ ಮಾಡ್ತಾರೆ. ಸಾಧ್ಯ ಆದ್ರೆ ಒಳಗಿನ ಬಟ್ಟೆ ಸ್ವಲ್ಪ ಸರಿಸಿ ಆ ಜೋಡಣೆ ನೋಡಿ, ಕೆಲಸ ಮಾಡಿದವನ ಕೈ ಎಂಥದ್ದು ಅಂತ ಅಲ್ಲೇ ಗೊತ್ತಾಗುತ್ತೆ. ಟಾಪ್ ಚಾಪ್ ಮಾಡಿರೋ, ಅಂದ್ರೆ ಕಂಬ ಕತ್ತರಿಸಿ ಛಾವಣಿ ತಗ್ಗಿಸಿರೋ ಗಾಡಿಯಲ್ಲೂ ಅಷ್ಟೇ, ಕಂಬಗಳು ಸೇರೋ ಜಾಗ, ಕಿಟಕಿ ಗ್ಲಾಸು ಪೂರ್ತಿ ಏರಿ ಇಳಿಯುತ್ತಾ, ಎರಡೂ ಕಡೆ ಒಂದೇ ಅಳತೆನಾ ನೋಡಿ. ಕೆಟ್ಟದಾಗಿ ಚಾಪ್ ಮಾಡಿದ ಟಾಪನ್ನ ಸರಿ ಮಾಡಿಸೋಕೆ ಹೋದ್ರೆ ಮನೆ ಮಠ ಹೋಗುತ್ತೆ.

ಯಾಕೆ ಎಲ್ರೂ 1932 ಫೋರ್ಡ್ ಅಂತಾನೇ ಸಾಯ್ತಾರೆ?

ಡ್ಯೂಸ್ ಅಂತಾರೆ ಅದನ್ನ. ಆ ಬಾಡಿ, ಆ ಗ್ರಿಲ್ ಒಂದೇ ವರ್ಷದ್ದು. ಜನಸಾಮಾನ್ಯರ ಕಾರಿಗೆ ಫೋರ್ಡ್ ವಿ8 ಎಂಜಿನ್ ಹಾಕಿದ ಮೊದಲ ವರ್ಷನೂ ಅದೇ, 221 ಕ್ಯೂಬಿಕ್ ಇಂಚು, 65 ಹಾರ್ಸ್ ಪವರ್. ಅದರ ಫ್ರೇಮ್ ಪಕ್ಕದಲ್ಲಿ ಒಂದು ಚಂದದ ಗೆರೆ ಒತ್ತಿರ್ತಾರೆ, ಫೆಂಡರ್ ಕಿತ್ತು ಹಾಕಿದ್ರೂ ಗಾಡಿ ಬೆತ್ತಲೆ ಅನ್ಸಲ್ಲ. ಅದಕ್ಕೇ ಮಾಡೆಲ್ ಎ ಬಾಡಿಯನ್ನೂ 32ರ ಫ್ರೇಮ್ ಮೇಲೆ ಕೂರಿಸೋದು ಅಷ್ಟು ಫೇಮಸ್ಸು.

ಬಾಡಿ ಸ್ಟೈಲ್‌ನಿಂದ ಬೆಲೆ ಬದಲಾಗುತ್ತಾ?

ಹೌದು, ಸಿಕ್ಕಾಪಟ್ಟೆ. ರೋಡ್‌ಸ್ಟರ್ ರಾಜ, ಆಮೇಲೆ ತ್ರೀ ವಿಂಡೋ ಕೂಪೆ, ಅದಾದ್ಮೇಲೆ ಫೈವ್ ವಿಂಡೋ. ಎರಡು ಬಾಗಿಲಿನ ಟ್ಯೂಡರ್ ಸೆಡಾನ್ ಅದಕ್ಕಿಂತ ಕೆಳಗೆ, ನಾಲ್ಕು ಬಾಗಿಲಿನ ಫೋರ್ಡೋರ್ ಎಲ್ಲಕ್ಕಿಂತ ಕಮ್ಮಿ. ಮಕ್ಕಳಿರೋರಿಗೆ ನಾನು ಹೇಳೋದು ಟ್ಯೂಡರ್ ನೋಡಿ ಅಂತ, ಅದೇ ಗ್ರಿಲ್ಲು ಅದೇ ಮುಖ, ಹಿಂದೆ ಸೀಟ್ ಇರುತ್ತೆ, ಹೆಂಡ್ತಿನೂ ಬೈಯಲ್ಲ. 1933-34ರ ಫೋರ್ಡ್, 1940ರ ಕೂಪೆ ಇವಕ್ಕೂ ಯಾವಾಗ್ಲೂ ಗಿರಾಕಿ ಇದಾರೆ. 1941 ವಿಲಿಸ್ ಕೂಪೆ ಅಂತ ಮಾರೋಕೆ ಬಂದ್ರೆ ಮ್ಯಾಗ್ನೆಟ್ ಮರೀಬೇಡಿ, ಶೋಗಳಲ್ಲಿ ಕಾಣೋದ್ರಲ್ಲಿ ಬಹಳಷ್ಟು ಫೈಬರ್ರೇ.

ಫ್ಲಾಟ್‌ಹೆಡ್ ಎಂಜಿನ್ ಇರೋದು ತಗೊಳ್ಳೋದಾ, ಸ್ಮಾಲ್ ಬ್ಲಾಕ್ ಷೆವಿ ಇರೋದಾ?

ಓಡಿಸೋಕಾ, ನೋಡೋಕಾ? ಫ್ಲಾಟ್‌ಹೆಡ್ ಅಂದ್ರೆ ಫೋರ್ಡ್ 1932ರಿಂದ 1953ರ ತನಕ ಅಮೆರಿಕದಲ್ಲಿ ಹಾಕಿದ ವಿ8. ಅದರ ವಾಲ್ವ್‌ಗಳು ಹೆಡ್‌ನಲ್ಲಿ ಇಲ್ಲ, ಬ್ಲಾಕ್ ಒಳಗಿವೆ. ಎಕ್ಸಾಸ್ಟ್ ಹೊಗೆ ಆ ಬ್ಲಾಕ್ ಒಳಗೇ ಹಾದು ಆಚೆ ಬರ್ಬೇಕು, ಮಧ್ಯದ ಎರಡು ಸಿಲಿಂಡರಿಗೆ ಸೇರಿ ಒಂದೇ ದಾರಿ. ಆ ಬಿಸಿಯೆಲ್ಲಾ ನೀರಿಗೆ ಹೋಗುತ್ತೆ, ಅದಕ್ಕೇ ಟ್ರಾಫಿಕ್‌ನಲ್ಲಿ ಕುದಿಯೋದು. ವಾಲ್ವ್ ಸೀಟಿಂದ ಸಿಲಿಂಡರ್ ಕಡೆಗೆ ಬಿರುಕು ಬಿಟ್ಟಿರೋ ಬ್ಲಾಕ್‌ಗಳು ತುಂಬಾ ಕಾಮನ್. ಹಂಗಾಗಿ ಫ್ಲಾಟ್‌ಹೆಡ್ ಗಾಡಿ ಅಂದ್ರೆ ನನ್ನ ಮೊದಲ ಪ್ರಶ್ನೆ, ಬ್ಲಾಕ್ ಮ್ಯಾಗ್ನಾಫ್ಲಕ್ಸ್ (ಕಣ್ಣಿಗೆ ಕಾಣದ ಬಿರುಕು ಹುಡುಕೋ ಟೆಸ್ಟ್) ಮಾಡಿಸಿದ್ರಾ, ಪ್ರೆಷರ್ ಟೆಸ್ಟ್ ಆಗಿದೆಯಾ, ಬಿಲ್ ಎಲ್ಲಿ? ಬಿಲ್ ಇಲ್ಲಾ ಅಂದ್ರೆ ಎಂಜಿನ್ನಿಗೆ ಬೆಲೆ ಹಾಕೋದೇ ಬೇಡ, ಮತ್ತೆ ಕಟ್ಟಿಸಬೇಕು ಅಂತಾನೇ ಲೆಕ್ಕ ಇಟ್ಕೊಳ್ಳಿ.

ಒಳ್ಳೆ ಫ್ಲಾಟ್‌ಹೆಡ್‌ಗೆ ಬೆಲೆ ಕೂಡ ಹಂಗೇ ಇದೆ. 1949ರಿಂದ 53ರ ಮರ್ಕ್ಯುರಿಯ 4 ಇಂಚು ಸ್ಟ್ರೋಕ್ ಕ್ರ್ಯಾಂಕ್, ಎಡಲ್‌ಬ್ರಾಕ್ ಅಥವಾ ಆಫನ್‌ಹೌಸರ್ ಅಲ್ಯುಮಿನಿಯಂ ಹೆಡ್, ಸ್ಟ್ರಾಂಬರ್ಗ್ 97 ಕಾರ್ಬುರೇಟರ್, ಹಿಂದೆ ಹ್ಯಾಲಿಬ್ರಾಂಡ್ ಕ್ವಿಕ್ ಚೇಂಜ್ (ಗೇರ್ ಬೇಗ ಬದಲಾಯಿಸೋಕಾಗೋ ಹಿಂದಿನ ಆಕ್ಸಲ್), ಇಷ್ಟು ಕೇಳಿದ್ರೆ ಹಳೇ ತಲೆಗಳು ಜೇಬಿಗೆ ಕೈ ಹಾಕ್ತಾರೆ. ಝೋರಾ ಆರ್ಕಸ್ ಡುಂಟಾವ್ ಡಿಸೈನ್ ಮಾಡಿದ ಆರ್ಡನ್ ಹೆಡ್ ಒರಿಜಿನಲ್ ಆದ್ರಂತೂ ಅದೊಂದರ ಬೆಲೆಯೇ ಬೇರೆ. ಆದ್ರೆ ಇವೆಲ್ಲದರ ಹೊಸ ಕಾಪಿಗಳೂ ಮಾರ್ಕೆಟ್‌ನಲ್ಲಿವೆ, ಕೆಲಸಕ್ಕೆ ಹೊಸದೇ ಮೇಲು ಬೆಲೆಗೆ ಹಳೇದೇ ಮೇಲು, ಯಾವುದು ಅಂತ ಬರವಣಿಗೆಯಲ್ಲಿ ಕೇಳಿ.

ಸ್ಮಾಲ್ ಬ್ಲಾಕ್ ಷೆವಿ 1955ರಲ್ಲಿ 265 ಕ್ಯೂಬಿಕ್ ಇಂಚಲ್ಲಿ ಬಂತು, 1967ರಲ್ಲಿ 350 ಬಂತು. ಪಾರ್ಟ್ಸ್ ಯಾವ ಅಂಗಡಿಯಲ್ಲಾದ್ರೂ ಸಿಗುತ್ತೆ, ಗಾಡಿ ತಣ್ಣಗೆ ಓಡುತ್ತೆ, ಮರುಮಾರಾಟಕ್ಕೆ ಮಾತ್ರ "ಅಯ್ಯೋ ಇದೂ ಷೆವಿನಾ" ಅಂತ ಮೂಗು ಮುರಿಯೋರು ಇದಾರೆ. ಫೋರ್ ಬೋಲ್ಟ್ ಮೇನ್ (ಕ್ರ್ಯಾಂಕ್ ಬೇರಿಂಗ್ ಕ್ಯಾಪಿಗೆ ಎರಡರ ಬದ್ಲು ನಾಲ್ಕು ಬೋಲ್ಟ್ ಇರೋ ಗಟ್ಟಿ ಬ್ಲಾಕ್) ಅಂತ ಎಲ್ರೂ ಹೇಳ್ತಾರೆ. ಬ್ಲಾಕ್ ಹಿಂಭಾಗದಲ್ಲಿ, ಬೆಲ್ ಹೌಸಿಂಗ್ ಸೇರೋ ಅಂಚಿನ ಮೇಲೆ, ಡ್ರೈವರ್ ಕಡೆ ಕಾಸ್ಟಿಂಗ್ ನಂಬರ್ ಇರುತ್ತೆ. 3970010 ಅಂತಿದ್ರೆ ಬಹುತೇಕ 350 ಬ್ಲಾಕ್, ಆದ್ರೆ ಅದೇ ನಂಬರಲ್ಲಿ ಟೂ ಬೋಲ್ಟೂ ಇದೆ ಫೋರ್ ಬೋಲ್ಟೂ ಇದೆ, ಆಯಿಲ್ ಪ್ಯಾನ್ ಬಿಚ್ಚದೇ ಗೊತ್ತಾಗಲ್ಲ. ಆ ಮಾತಿಗೆ ಎಕ್ಸ್‌ಟ್ರಾ ದುಡ್ಡು ಕೊಡ್ಬೇಡಿ.

ನಂಬರ್ಸ್ ಮ್ಯಾಚಿಂಗ್, ಅಂದ್ರೆ ಫ್ಯಾಕ್ಟರಿಯಿಂದ ಬಂದ ಎಂಜಿನ್ನೇ ಇನ್ನೂ ಇದೆ ಅಂತಾರಲ್ಲ?

ಕಾರ್ವೆಟ್ಟಿಗೆ ಕೇಳಿ. ಹಾಟ್ ರಾಡಿಗೆ ಆ ಪ್ರಶ್ನೆನೇ ಇಲ್ಲ.

ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡ್ಲಿ?

ಮೊದಲು ಹೋದ ತಕ್ಷಣ ರೇಡಿಯೇಟರ್ ಮುಟ್ಟಿ ನೋಡಿ, ಬಿಸಿ ಇದ್ರೆ ಮಾಲೀಕ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದಾನೆ, ಕೋಲ್ಡ್ ಸ್ಟಾರ್ಟ್ ಕಷ್ಟ ಇರ್ಬೋದು. ಇಪ್ಪತ್ತು ನಿಮಿಷಕ್ಕಿಂತ ಕಮ್ಮಿ ಓಡಿಸಬೇಡಿ, ಸ್ಲೋ ಟ್ರಾಫಿಕ್ಕೂ ಬೇಕು ಹೈವೇನೂ ಬೇಕು. ಮುಂದೆ ಸಾಲಿಡ್ ಆಕ್ಸಲ್ ಇರೋ ಗಾಡಿ ಒಂದು ಸ್ಪೀಡಲ್ಲಿ ಸ್ಟೀರಿಂಗ್ ಗಡಗಡ ಅಂತ ನಡುಗಿದ್ರೆ ಅದನ್ನ ಡೆತ್ ವಾಬಲ್ ಅಂತಾರೆ, ಕಿಂಗ್‌ಪಿನ್ (ಮುಂದಿನ ಚಕ್ರ ತಿರುಗೋ ಪಿನ್) ಸವೆದಿರ್ಬೋದು, ಕ್ಯಾಸ್ಟರ್ (ಆ ಪಿನ್ ಹಿಂದಕ್ಕೆ ವಾಲಿರೋ ಕೋನ) ಕಮ್ಮಿ ಇರ್ಬೋದು, ಟೈರ್ ಬ್ಯಾಲೆನ್ಸೂ ಇರ್ಬೋದು. ಗುಂಡಿ ಮೇಲೆ ಹೋದಾಗ ಗಾಡಿ ತಾನೇ ಪಕ್ಕಕ್ಕೆ ಎಳೆದ್ರೆ ಸ್ಟೀರಿಂಗ್ ಲಿಂಕ್ ಕೂರಿಸಿರೋದೇ ತಪ್ಪು, ಅದು ಬರೀ ಪಾರ್ಟ್ ಬದಲಾಯಿಸಿದ್ರೆ ಹೋಗಲ್ಲ.

ಬ್ರೇಕ್ ಬಗ್ಗೆ ಒಂದು ಮಾತು. ಫೋರ್ಡ್ ಹೈಡ್ರಾಲಿಕ್ ಬ್ರೇಕ್ ಕೊಟ್ಟಿದ್ದು 1939ರಲ್ಲಿ, ಅದಕ್ಕೇ 32ರ ಗಾಡಿಗಳಲ್ಲೂ 39-40ರ ಬ್ರೇಕ್ ಹಾಕಿರೋದು ಕಾಣುತ್ತೆ, ಅದು ಒಳ್ಳೆ ಸೈನು. ಆದ್ರೆ ಮಾಸ್ಟರ್ ಸಿಲಿಂಡರ್ ಸಿಂಗಲ್ ಆಗಿದ್ರೆ ಒಂದು ಪೈಪ್ ಹೋದ್ರೆ ನಾಲ್ಕು ಚಕ್ರದ್ದೂ ಹೋಯ್ತು. ಡ್ಯುಯಲ್ ಇರೋದು ನೋಡಿ, ಇಲ್ಲಾಂದ್ರೆ ಹಾಕ್ಸೋ ಖರ್ಚು ಬೆಲೆಯಲ್ಲಿ ಕಳೀರಿ. ಮಾಸ್ಟರ್ ನೆಲದ ಕೆಳಗಿದ್ರೆ ರೆಸಿಡ್ಯುಯಲ್ ವಾಲ್ವ್ (ಬ್ರೇಕ್ ಪೈಪಲ್ಲಿ ಸ್ವಲ್ಪ ಪ್ರೆಷರ್ ಉಳಿಸೋದು) ಇದೆಯಾ ಕೇಳಿ, ಡಿಸ್ಕ್‌ಗೆ 2 ಪೌಂಡಿಂದು ಡ್ರಮ್‌ಗೆ 10 ಪೌಂಡಿಂದು. ಮಾಲೀಕ "ಅದೇನು?" ಅಂತ ವಾಪಸ್ ಕೇಳಿದ್ರೆ ಗಾಡಿ ಅವನು ಕಟ್ಟಿದ್ದಲ್ಲ ಅಂತ ನಿಮಗೆ ಉತ್ತರ ಸಿಕ್ತು.

ಆಮೇಲೆ ವೈರಿಂಗ್. ಡ್ಯಾಶ್ ಕೆಳಗೆ ಒಂದೇ ಕಲರ್ ವೈರ್ ಗೊಂಚಲು ಗೊಂಚಲಾಗಿ ಟೇಪ್ ಸುತ್ತಿ ನೇತಾಡ್ತಿದ್ರೆ ಪೂರ್ತಿ ಕಿತ್ತು ಹೊಸದು ಹಾಕ್ಬೇಕು. ಗಾಡಿ ಬೆಂಕಿ ಹತ್ತೋದು ಅಲ್ಲಿಂದಾನೇ. ಇನ್ನು ಚಾಸಿಸ್ ವೆಲ್ಡ್‌ಗಳನ್ನ ಕೆಳಗೆ ಮಲಗಿ ನೋಡಿ, ಲಿಫ್ಟ್ ಇರೋ ಶಾಪಿಗೆ ಕರ್ಕೊಂಡು ಹೋಗೋಕೆ ಮಾಲೀಕ ಒಪ್ಪಲಿಲ್ಲ ಅಂದ್ರೆ ನಾನಾದ್ರೆ ಅಲ್ಲಿಗೇ ಮಾತು ಮುಗಿಸ್ತೀನಿ. ರ್ಯಾಟ್ ರಾಡ್ ಅಂತ ತುಕ್ಕು ಸ್ಟೈಲಲ್ಲಿ ಅಗ್ಗಕ್ಕೆ ಮಾರೋ ಗಾಡಿಗಳಲ್ಲಿ ಇದು ಇನ್ನೂ ಮುಖ್ಯ, ಕೆಲವು ಚೆನ್ನಾಗಿರುತ್ತೆ, ಕೆಲವಕ್ಕೆ ರಸ್ತೆಗೆ ಇಳಿಯೋ ಯೋಗ್ಯತೆನೇ ಇಲ್ಲ.

ಕಟ್ಟಿದವನ ಹೆಸರಿಗೆ ಎಷ್ಟು ಬೆಲೆ?

ದೊಡ್ಡ ಹೆಸರಾದ್ರೆ ತುಂಬಾ. ಹೆಸರಾಂತ ಬಿಲ್ಡರ್‌ಗಳಾದ ರಾಯ್ ಬ್ರಿಝಿಯೋ ಶಾಪಿಂದ ಬಂದ ಗಾಡಿ, ಬಾಯ್ಡ್ ಕಾಡಿಂಗ್‌ಟನ್ ಕಟ್ಟಿದ್ದು ಅಂದ್ರೆ ಜನ ಕಣ್ಣರಳಿಸ್ತಾರೆ. ಆದ್ರೆ "ಅವರ ಶಾಪಲ್ಲಿ ಕೆಲಸ ಮಾಡ್ತಿದ್ದವನು ಕಟ್ಟಿದ್ದು" ಅನ್ನೋದು ಬೇರೆ, "ಅವರ ಸ್ಟೈಲಲ್ಲಿ ಕಟ್ಟಿದ್ದು" ಅನ್ನೋದು ಇನ್ನೂ ಬೇರೆ. ಶಾಪ್ ಈಗಲೂ ನಡೀತಿದ್ರೆ ಒಂದು ಫೋನ್ ಮಾಡಿ ಕೇಳಿ, ಬಹುತೇಕರಿಗೆ ತಮ್ಮ ಗಾಡಿ ನೆನಪಿರುತ್ತೆ.

ಹಳೇ ಇತಿಹಾಸ ಇದ್ರೆ ಅದು ಬೇರೆ ಆಟ. ಡೋನ್ ಸ್ಪೆನ್ಸರ್ ಅವರ 32 ರೋಡ್‌ಸ್ಟರ್ 1997ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಕ್ಲಾಸಿಕ್ ಕಾರ್ ಸ್ಪರ್ಧೆಯಲ್ಲಿ ಮೊದಲ ಸಲ ಹಾಟ್ ರಾಡ್ ಕ್ಲಾಸ್ ಇಟ್ಟಾಗ ಗೆದ್ದಿದ್ದು. ರೋಲ್ಸ್ ರಾಯ್ಸು ಡ್ಯೂಸೆನ್‌ಬರ್ಗು ನಿಲ್ಲೋ ಹುಲ್ಲಿನ ಮೇಲೆ ಹುಡುಗರು ಕಟ್ಟಿದ ಫೋರ್ಡ್ ನಿಂತ್ಮೇಲೆ, ಆ ಕಾಲದ್ದೇ ಗಾಡಿಗಳಿಗೆ ಕಲೆಕ್ಟರ್‌ಗಳು ಕೊಡೋ ಮರ್ಯಾದೆನೇ ಬದಲಾಯ್ತು. ಹಂಗಾಗಿ ಯಾರಾದ್ರೂ ಇದು ಎಲ್ ಮಿರಾಜ್‌ನಲ್ಲಿ ಓಡಿದ ಗಾಡಿ ಅಂದ್ರೆ ಟೈಮಿಂಗ್ ಟ್ಯಾಗ್ (ಓಡಿದ ಸ್ಪೀಡ್ ಬರೆದು ಕೊಡ್ತಿದ್ದ ಪುಟ್ಟ ಪ್ಲೇಟ್) ಎಲ್ಲಿ, ಆ ಕಾಲದ ಫೋಟೋ ಎಲ್ಲಿ, ಮಾಲೀಕರ ಸರಪಳಿ ಏನು ಅಂತ ಕೇಳಿ. ಟ್ಯಾಗ್ ಒಂದೇ ಇದ್ರೆ ಸಾಲದು, ಟ್ಯಾಗ್ ಸ್ವಾಪ್ ಮೀಟ್‌ನಲ್ಲೂ ಸಿಗುತ್ತೆ. ಫೋಟೋದಲ್ಲಿರೋ ಗಾಡಿಯ ಒಂದು ವಿಚಿತ್ರ ತೂತೋ ಒಂದು ಬಾಗಿದ ಬ್ರ್ಯಾಕೆಟ್ಟೋ ಈ ಗಾಡಿಯಲ್ಲೂ ಇದ್ರೆ ಅದು ಸಾಕ್ಷಿ. ಅಜ್ಜನ ಕತೆ ಕೇಳೋಕೆ ಚೆಂದ, ಅದಕ್ಕೆ ಚೆಕ್ ಬರೀಬೇಡಿ.

80-90ರ ದಶಕದಲ್ಲಿ ಕಟ್ಟಿದ ಸ್ಟ್ರೀಟ್ ರಾಡ್‌ಗಳು (ರಸ್ತೆಯಲ್ಲಿ ಆರಾಮಾಗಿ ಓಡಿಸೋಕೆ ಕಟ್ಟಿದ ಹಾಟ್ ರಾಡ್) ಅಗ್ಗಕ್ಕೆ ಸಿಗ್ತಿವೆ, ಯಾಕೆ?

ಫ್ಯಾಷನ್ ಹೋಯ್ತು. ತಿಳಿ ಪಿಂಕು, ಟೀಲ್ ಕಲರು, ಬಿಲ್ಲೆಟ್ ಅಲ್ಯುಮಿನಿಯಂ ಸ್ಟೀರಿಂಗು, ಬೂದು ಬಣ್ಣದ ಟ್ವೀಡ್ ಸೀಟು, ಮುಂದೆ ಮಸ್ಟಾಂಗ್ 2 ಸಸ್ಪೆನ್ಷನ್. ಅವನ್ನ ಕಟ್ಟಿಸಿದವರಿಗೆ ಈಗ ಎಂಬತ್ತರ ಹತ್ರ ವಯಸ್ಸು, ಒಂದೇ ಸಲ ಎಲ್ರೂ ಮಾರ್ತಿದಾರೆ, ಕೊಳ್ಳೋ ಹೊಸಬರಿಗೆ ಬೇಕಿರೋದು ಕಪ್ಪು ಬಣ್ಣ, ಸ್ಟೀಲ್ ವೀಲು, ಬಯಸ್ ಪ್ಲೈ ಅನ್ನೋ ಹಳೇ ಕಾಲದ ಟೈರಿನ ಟ್ರೆಡಿಷನಲ್ ಲುಕ್ಕು. ನನ್ನ ಕೇಳಿದ್ರೆ ಮೊದಲ ಗಾಡಿಗೆ ಇದೇ ಬೆಸ್ಟ್ ಡೀಲು. ಏಸಿ ಇರುತ್ತೆ, ಡಿಸ್ಕ್ ಬ್ರೇಕ್ ಇರುತ್ತೆ, ಯಾರೋ ಲಕ್ಷ ಡಾಲರ್ ಸುರಿದಿರ್ತಾರೆ, ನೀವು ಅದರ ಒಂದು ಪಾಲು ಕೊಟ್ಟು ಓಡಿಸ್ಬೋದು. ಬೆಲೆ ಏರುತ್ತೆ ಅಂತ ಮಾತ್ರ ಕಾಯ್ಬೇಡಿ.

ಮಾರ್ಕೆಟ್ ರೇಟ್ ಎಲ್ಲಿ ನೋಡೋದು? ಮಾಲೀಕ ಅಪ್ರೈಸಲ್ (ಬೆಲೆ ಅಂದಾಜು) ರಿಪೋರ್ಟ್ ಕೊಟ್ಟಿದಾನೆ.

ಆ ರಿಪೋರ್ಟ್ ಬಹುಪಾಲು ಇನ್ಶೂರೆನ್ಸಿಗೆ ಮಾಡಿಸಿರೋದು, ಕಟ್ಟೋಕೆ ಎಷ್ಟಾಗುತ್ತೆ ಅನ್ನೋ ಲೆಕ್ಕದಲ್ಲಿ ನಂಬರ್ ಮೇಲಿರುತ್ತೆ. ಕ್ಲಾಸಿಫೈಡ್‌ಗಳಲ್ಲಿ ಕಾಣೋದು ಕೇಳೋ ಬೆಲೆ. ನಿಮಗೆ ಬೇಕಿರೋದು ಮಾರಾಟ ಆದ ಬೆಲೆ. ಬ್ರಿಂಗ್ ಎ ಟ್ರೈಲರ್ ಅನ್ನೋ ಆನ್‌ಲೈನ್ ಹರಾಜು ಸೈಟಲ್ಲಿ ಮುಗಿದ ಆಕ್ಷನ್‌ಗಳು ಎಲ್ರಿಗೂ ಕಾಣುತ್ತೆ, ಕಾಮೆಂಟ್‌ಗಳಲ್ಲಿ ಹಳೇ ಪಂಟರುಗಳು ಗಾಡಿಯ ಜಾತಕನೇ ಬಿಡಿಸಿಟ್ಟಿರ್ತಾರೆ, ಅದನ್ನ ಓದಿ. ಮೀಕಮ್, ಬ್ಯಾರೆಟ್ ಜಾಕ್ಸನ್ ಹರಾಜುಗಳ ಫಲಿತಾಂಶ ನೋಡುವಾಗ ಬಯರ್ಸ್ ಪ್ರೀಮಿಯಂ (ಕೊಳ್ಳೋನು ಹರಾಜಿನೋರಿಗೆ ಮೇಲೆ ಕೊಡೋ ಕಮಿಷನ್) ಸೇರಿದೆಯಾ ನೋಡ್ಕೊಳ್ಳಿ, ಟಿವಿ ಲೈಟು ಎರಡು ಪೆಗ್ಗು ಎಲ್ಲಾ ಸೇರಿ ಏರಿದ ಬೆಲೆ ಅದು ಅನ್ನೋದೂ ನೆನಪಿರ್ಲಿ. ಒಂದೇ ಬಾಡಿ, ಒಂದೇ ಮಟೀರಿಯಲ್, ಒಂದೇ ತರ ಎಂಜಿನ್ ಇರೋ ನಾಲ್ಕೈದು ಮಾರಾಟ ಸಿಕ್ಕಿದ್ರೆ ನಿಮ್ಮ ರೇಂಜ್ ಗೊತ್ತಾಯ್ತು. ತೀರಾ ದೊಡ್ಡ ಮೊತ್ತ ಆದ್ರೆ ಹಾಟ್ ರಾಡ್ ಗೊತ್ತಿರೋ ಇನ್‌ಸ್ಪೆಕ್ಟರ್‌ನ ನೀವೇ ದುಡ್ಡು ಕೊಟ್ಟು ಕಳಿಸಿ. ಟೊಯೋಟಾ ನೋಡೋ ಮೆಕ್ಯಾನಿಕ್ ಬೇಡ.

ಇನ್ಶೂರೆನ್ಸ್?

ಅಗ್ರೀಡ್ ವ್ಯಾಲ್ಯೂ ಪಾಲಿಸಿನೇ ತಗೊಳ್ಳಿ. ಹ್ಯಾಗರ್ಟಿ, ಗ್ರಂಡಿ ತರದ ಕಂಪನಿಗಳು ಇದನ್ನೇ ಮಾಡೋದು. ಗಾಡಿ ಪೂರ್ತಿ ಹೋದ್ರೆ ಮೊದಲೇ ಒಪ್ಪಿದ ಮೊತ್ತ ಕೊಡ್ತಾರೆ. ಸ್ಟೇಟೆಡ್ ವ್ಯಾಲ್ಯೂ ಅಂತ ಇನ್ನೊಂದಿದೆ, ಕೇಳೋಕೆ ಒಂದೇ ತರ ಇದ್ರೂ ಅದರಲ್ಲಿ ಕ್ಲೇಮ್ ಟೈಮಲ್ಲಿ ಕಮ್ಮಿ ಕೊಡೋಕೆ ಅವರಿಗೆ ದಾರಿ ಇರುತ್ತೆ. ಮಾಮೂಲಿ ಕಾರ್ ಪಾಲಿಸಿಗೆ ಸೇರಿಸಿದ್ರೆ ಅವರ ಕಣ್ಣಿಗೆ ಅದು ತೊಂಬತ್ತು ವರ್ಷದ ಹಳೇ ಫೋರ್ಡು, ಅಷ್ಟೆ.

ಇದನ್ನ ಬೆಂಗಳೂರಿಗೆ ತಗೊಂಡು ಹೋಗ್ಬೋದಾ?

ಊರಿಗೆ ವಾಪಸ್ ಹೋಗೋ ಪ್ಲಾನ್ ಇರೋರೆಲ್ಲಾ ಇದನ್ನ ಕೇಳ್ತಾರೆ. ಆಸೆ ಅರ್ಥ ಆಗುತ್ತೆ, ಆದ್ರೆ ಕಷ್ಟ. ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ರೂಲ್ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಎ ಅಕ್ಷರ ಇರೋ ಸ್ಪೆಷಲ್ ನಂಬರ್ ಸಿಗುತ್ತೆ, ಹೊಸ ರಿಜಿಸ್ಟ್ರೇಷನ್ ಫೀಸು 20,000 ರೂಪಾಯಿ. ಆದ್ರೆ ಗಾಡಿ ಮೂಲ ರೂಪದಲ್ಲೇ ಇರ್ಬೇಕು, ಚಾಸಿಸ್ಸು ಬಾಡಿ ಎಂಜಿನ್ನು ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಹಾಟ್ ರಾಡ್ ಅಂದ್ರೆ ಬದಲಾಯಿಸಿರೋದೇ ಅಲ್ವಾ. ಮಾಮೂಲಿ ರಿಜಿಸ್ಟ್ರೇಷನ್ ಕಡೆ ಹೋದ್ರೆ 2019ರಲ್ಲಿ ಸುಪ್ರೀಂ ಕೋರ್ಟ್ ತಯಾರಕರ ಮೂಲ ವಿವರಕ್ಕೆ ಹೊಂದದ ಹಂಗೆ ಗಾಡಿ ಬದಲಾಯಿಸೋಕಾಗಲ್ಲ ಅಂತ ಹೇಳಿದೆ, ಮೇಲೆ ಕಸ್ಟಮ್ಸ್ ಡ್ಯೂಟಿ, ಸ್ಟೀರಿಂಗ್ ಬೇರೆ ಎಡಗಡೆ. ಇಲ್ಲೇ ಓಡಿಸಿ, ಇಲ್ಲೇ ಮಾರಿ, ಹೋಗಿ. ವಾಪಸ್ ಹೋಗೋ ವರ್ಷ ಹತ್ರ ಇದ್ರೆ ಬೇಗ ಕೈ ಬಿಡೋ ತರದ್ದು ತಗೊಳ್ಳಿ, ಕ್ಲೀನ್ ಟೈಟಲ್ ಇರೋ ಟ್ರೆಡಿಷನಲ್ ಮಾಡೆಲ್ ಎ ತರದ್ದು.

ಕೊನೆಗೆ ದುಡ್ಡು ಕೊಡೋದು ಹೇಗೆ?

ಅವರ ಬ್ಯಾಂಕಲ್ಲೋ ನಿಮ್ಮ ಬ್ಯಾಂಕಲ್ಲೋ ಕೂತು. ಟೈಟಲ್ ಮೇಲೆ ಲೋನ್ ಇದ್ರೆ ಬ್ಯಾಂಕಿಗೆ ನೇರ ಕಟ್ಟಿ ರಿಲೀಸ್ ತಗೊಳ್ಳಿ. ಟೈಟಲ್ ಮೇಲಿನ ಹೆಸರೂ ಮಾರೋನ ಐಡಿ ಮೇಲಿನ ಹೆಸರೂ ಒಂದೇ ಇರ್ಬೇಕು, "ಅದು ನಮ್ಮ ಚಿಕ್ಕಪ್ಪನ ಹೆಸರಲ್ಲಿದೆ, ಅವರು ಸೈನ್ ಮಾಡಿ ಕೊಟ್ಟಿದಾರೆ" ಅಂದ್ರೆ ಚಿಕ್ಕಪ್ಪನ್ನೇ ಕರ್ಕೊಂಡು ಬಾ ಅನ್ನಿ. ಬಿಲ್ ಆಫ್ ಸೇಲ್‌ನಲ್ಲಿ ಬಾಡಿ ಒರಿಜಿನಲ್ ಸ್ಟೀಲಾ ರಿಪ್ರೊಡಕ್ಷನ್ನಾ ಫೈಬರ್ರಾ ಅಂತ, ಎಂಜಿನ್ ಯಾವುದು ಅಂತ ಬರೆಸಿ ಸೈನ್ ಹಾಕಿಸ್ಕೊಳ್ಳಿ, ಸುಮಾರು ಸಲ ಬೆಲೆ ಇಳಿಯೋದು ಈ ಒಂದು ಲೈನ್ ಬರೀರಿ ಅಂದಾಗ್ಲೇ.